ಎಸಿ ಓಡುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ: ಗ್ಯಾಸ್ ತುಂಬಿಸೋಕೆ ಮೊದಲು ಇಷ್ಟು ನೋಡಿ

ಯುಗಾದಿ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಎಸಿ ಆನ್ ಆಗುತ್ತೆ, ಲೈಟೂ ಉರಿಯುತ್ತೆ, ಹೊರಗಿನ ಯೂನಿಟ್ ಗುಂಯ್ ಅಂತಿದೆ. ಆದರೆ ಗಾಳಿನೇ ಇಲ್ಲ. ಗ್ಯಾಸ್ ಹೋಗಿರಬೇಕು ಅಲ್ವಾ?" ಬಳ್ಳಾರಿಯವರು ಕೇಳುವುದೂ ಇದನ್ನೇ, ರಾಯಚೂರಿನವರು ಕೇಳುವುದೂ ಇದನ್ನೇ. ಕೊಪ್ಪಳದವರು ಅದರ ಜೊತೆಗೆ ಕೂಲರ್ ಬಗ್ಗೆಯೂ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಗಾಳಿ ಬರುವುದು ಬೇರೆ, ತಂಪಾಗುವುದು ಬೇರೆ. ಗಾಳಿ ತಳ್ಳುವುದು ಒಳಗಿನ ಯೂನಿಟ್‌ನಲ್ಲಿರುವ ಬ್ಲೋವರ್, ಅಂದರೆ ಉದ್ದನೆಯ ಉರುಳೆ ಆಕಾರದ ಫ್ಯಾನು. ತಂಪು ಮಾಡುವುದು ಗ್ಯಾಸ್ ಮತ್ತು ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್. ಗ್ಯಾಸ್ ಕಡಿಮೆಯಾದರೆ ಸಾಮಾನ್ಯವಾಗಿ ಗಾಳಿ ಜೋರಾಗಿಯೇ ಬರುತ್ತದೆ, ತಂಪಿರುವುದಿಲ್ಲ ಅಷ್ಟೆ. ಗಾಳಿಯೇ ಇಲ್ಲ ಅನ್ನುವ ತಕರಾರಿಗೆ ಮೊದಲ ಉತ್ತರವೇ ಗ್ಯಾಸ್ ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಇದಕ್ಕೆ ಒಂದೇ ಒಂದು ಹೊರತು ಇದೆ, ಅದು 4ನೇ ಹಂತದಲ್ಲಿ ಬರುತ್ತದೆ. ನಾನೂ ಒಂದು ಬೇಸಿಗೆಯಲ್ಲಿ ಹೀಗೇ ಗ್ಯಾಸ್ ತುಂಬಿಸಿ ದುಡ್ಡು ಕೊಟ್ಟು ಕಳಿಸಿದ್ದೆ. ಎರಡು ದಿನ ಬಿಟ್ಟು ಮನೆಯವರು ಫಿಲ್ಟರ್ ತೆಗೆದು ಝಾಡಿಸಿದರು, ಗಾಳಿ ಬಂತು.

ನಿಮಗೆ ಯಾವ ತೊಂದರೆ ಅಂತ ಗೊತ್ತಾಗಲು ಸುಲಭ ಉಪಾಯವಿದೆ. ಪೇಪರಿನ ಒಂದು ತೆಳು ಪಟ್ಟಿ ಹರಿದು ಎಸಿಯ ಬಾಯಿಯ ಮುಂದೆ ಹಿಡಿಯಿರಿ. ಫ್ಯಾನ್ ಸ್ಪೀಡ್ ಪೂರ್ತಿ ಇಡಿ. ಪಟ್ಟಿ ಪಟಪಟ ಹಾರಿದರೆ ಗಾಳಿ ಸರಿ ಇದೆ, ನಿಮ್ಮ ತೊಂದರೆ ತಂಪಿನದು, ಈ ಲೇಖನ ನಿಮಗಲ್ಲ. ಪಟ್ಟಿ ಸುಮ್ನೆ ಜೋತಾಡಿದರೆ ಅಥವಾ ಒಂದು ಮೂಲೆಯಲ್ಲಿ ಮಾತ್ರ ಅಲುಗಾಡಿದರೆ ಮುಂದೆ ಓದಿ.

ಕೈಯಲ್ಲಿ ಏನೇನಿರಬೇಕು

ಗಟ್ಟಿ ಸ್ಟೂಲ್, ಮೊಬೈಲ್ ಟಾರ್ಚ್, ಹಳೆಯ ಟೂತ್‌ಬ್ರಶ್, ಒಂದು ಬಕೆಟ್, ಎರಡು ಹಳೆ ಬಟ್ಟೆ, ರಿಮೋಟ್‌ಗೆ ಹೊಸ ಸೆಲ್. ಇಷ್ಟೇ. ಸ್ಕ್ರೂಡ್ರೈವರ್ ಬೇಕಾಗುವ ಕೆಲಸ ಬಂದರೆ ಅದು ನಿಮ್ಮ ಕೆಲಸವಲ್ಲ ಅಂತ ತಿಳಿಯಿರಿ.

ಮುಚ್ಚಳ ತೆಗೆಯುವ ಮೊದಲು ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಎಸಿಗೆಂದೇ ಇರುವ ಎಂಸಿಬಿಯನ್ನು ಕೆಳಗೆ ಇಳಿಸಿ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದಾಗ ತಾನೇ ಬೀಳುವ ಆ ಚಿಕ್ಕ ಸ್ವಿಚ್. ರಿಮೋಟಿನಲ್ಲಿ ಆಫ್ ಆಗಿದ್ದರೂ ಯೂನಿಟ್ ಒಳಗೆ ಕರೆಂಟ್ ಇರುತ್ತದೆ.

1. ರಿಮೋಟ್ ನೋಡಿ

ನಗಬೇಡಿ. ಮಕ್ಕಳ ಕೈಗೆ ಸಿಕ್ಕ ರಿಮೋಟ್‌ನಿಂದಲೇ ಎಷ್ಟೋ ತಕರಾರು ಹುಟ್ಟುತ್ತವೆ. ಪರದೆಯ ಮೇಲೆ ಹಿಮದ ಹೂವಿನ ಚಿತ್ರ ಇರಬೇಕು, ಅದು ಕೂಲ್. ನೀರಿನ ಹನಿ ಇದ್ದರೆ ಡ್ರೈ, ಅದರಲ್ಲಿ ಫ್ಯಾನ್ ಬೇಕಂತಲೇ ನಿಧಾನ ತಿರುಗುತ್ತದೆ. ಸೂರ್ಯನ ಚಿತ್ರ ಇದ್ದರೆ ಹೀಟ್. ಬಿಸಿ-ತಂಪು ಎರಡೂ ಕೊಡುವ ಎಸಿಯಲ್ಲಿ ಹೀಟ್ ಒತ್ತಿದರೆ ಒಳಗಿನ ಕಾಯಿಲ್ (ಗ್ಯಾಸ್ ಹಾಯುವ ಪೈಪು-ಪಟ್ಟಿಗಳ ಸಾಲು) ಬಿಸಿಯಾಗುವ ತನಕ ಬ್ಲೋವರ್ ಕೆಲವು ನಿಮಿಷ ತಿರುಗುವುದೇ ಇಲ್ಲ, ತಣ್ಣನೆ ಗಾಳಿ ಮೈಮೇಲೆ ಬೀಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ನಮ್ಮ ಕಡೆ ಬಿಸಿ ಗಾಳಿಗೆ ಮಷೀನು ಯಾಕೆ, ಏಪ್ರಿಲ್ ಮಧ್ಯಾಹ್ನ ಕಿಟಕಿ ತೆಗೆದರೆ ಸಾಕು.

ಫ್ಯಾನ್ 'ಆಟೋ'ದಲ್ಲಿದ್ದರೆ ರೂಮು ತಂಪಾದ ಕೂಡಲೇ ಗಾಳಿ ತಾನೇ ಕಡಿಮೆಯಾಗುತ್ತದೆ. ಸ್ಲೀಪ್ ಒತ್ತಿದ್ದರೂ ಅಷ್ಟೆ. ಕೂಲ್, 24 ಡಿಗ್ರಿ, ಫ್ಯಾನ್ ಹೈ. ಹೀಗಿಟ್ಟು ಐದು ನಿಮಿಷ ಕಾಯಿರಿ. ಆಗಲೂ ಪೇಪರ್ ಪಟ್ಟಿ ಹಾರದಿದ್ದರೆ ಮುಂದಿನ ಹಂತ.

2. ವೋಲ್ಟೇಜ್

ಬೇಸಿಗೆ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಓಣಿಯ ಎಲ್ಲ ಎಸಿಗಳೂ ಒಟ್ಟಿಗೆ ಶುರುವಾಗುತ್ತವೆ. ಕರೆಂಟ್ ಡಿಮ್ ಆಗುತ್ತದೆ. ವೋಲ್ಟೇಜ್ ಇಳಿದರೆ ಸಾದಾ ಮೋಟರ್ ಇರುವ ಬ್ಲೋವರ್ ಸೊರಗುತ್ತದೆ. ಸೀಲಿಂಗ್ ಫ್ಯಾನೂ ಆ ಹೊತ್ತಿಗೇ ನಿಧಾನವಾಗುತ್ತಿದ್ದರೆ ಕಾರಣ ಎಸಿಯಲ್ಲಿಲ್ಲ.

ಸ್ಟೆಬಿಲೈಸರ್ ಇದ್ದರೆ ಅದರ ಪರದೆ ನೋಡಿ. ಮನೆಗೆ ಬರಬೇಕಾದ್ದು ಸುಮಾರು 230 ವೋಲ್ಟ್. ಒಳಬರುವುದು ತೀರಾ ಕಡಿಮೆಯಾದರೆ ಸ್ಟೆಬಿಲೈಸರ್ ಎಸಿಗೆ ಕರೆಂಟ್ ಬಿಡುವುದನ್ನೇ ನಿಲ್ಲಿಸುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಕೂಡ ಎರಡು ಮೂರು ನಿಮಿಷ ತಡೆಹಿಡಿಯುತ್ತದೆ, ಕಂಪ್ರೆಸರ್ ಉಳಿಸಲು. ಅಷ್ಟರಲ್ಲಿ ಗಾಬರಿಯಾಗಿ ಸ್ವಿಚ್ ಹಾಕಿ ತೆಗೆದು ಮಾಡಿದರೆ ಆ ಎಣಿಕೆ ಮತ್ತೆ ಮೊದಲಿನಿಂದ ಶುರು.

ಇಲ್ಲಿ ಎರಡು ತಪ್ಪು ಮಾಡುವವರು ಬಹಳ. ಒಂದು, ಸ್ಟೆಬಿಲೈಸರ್ ತೆಗೆದು ನೇರ ಹಚ್ಚುವುದು. ಇನ್ನೊಂದು, ಪಕ್ಕದ ಮನೆಯ ಫೇಸ್‌ನಲ್ಲಿ ಕರೆಂಟ್ ಚೆನ್ನಾಗಿದೆ ಅಂತ ತಾವೇ ಕಂಬದ ಹತ್ತಿರ ಹೋಗಿ ಫೇಸ್ ಬದಲಿಸಲು ನೋಡುವುದು. ಇದು ಜೀವಕ್ಕೆ ಎರವಾಗುವ ಕೆಲಸ. ನಮ್ಮ ಮೂರೂ ಜಿಲ್ಲೆಗಳಿಗೆ ಕರೆಂಟ್ ಕೊಡುವುದು ಜೆಸ್ಕಾಂ, ದೂರಿನ ನಂಬರ್ 1912. ದಿನಾ ಅದೇ ಹೊತ್ತಿಗೆ ಡಿಮ್ ಆಗುತ್ತಿದ್ದರೆ ಓಣಿಯ ನಾಲ್ಕೈದು ಮನೆಯವರು ಸೇರಿ ದೂರು ಕೊಡಿ. ಟಿಸಿ ಮೇಲೆ ಲೋಡ್ ಜಾಸ್ತಿ ಆಗಿದೆಯೋ, ಒಂದೇ ಫೇಸ್ ಮೇಲೆ ಭಾರ ಬಿದ್ದಿದೆಯೋ, ಅದನ್ನು ಲೈನ್‌ಮನ್ ನೋಡಬೇಕು. ಟಿಸಿ ಅಂದರೆ ಓಣಿಯ ಟ್ರಾನ್ಸ್‌ಫಾರ್ಮರ್.

3. ಫಿಲ್ಟರ್

ಎಂಸಿಬಿ ಇಳಿಸಿ. ಒಳಗಿನ ಯೂನಿಟ್‌ನ ಮುಂದಿನ ಮುಚ್ಚಳವನ್ನು ಎರಡೂ ಬದಿ ಹಿಡಿದು ಮೇಲೆತ್ತಿ, ಅದು ಅಲ್ಲೇ ನಿಲ್ಲುತ್ತದೆ. ಒಳಗೆ ಸೊಳ್ಳೆ ಪರದೆಯಂಥ ಎರಡು ಜಾಲರಿ ಇವೆ. ಕೆಳಗಿನ ಹಿಡಿಕೆಯನ್ನು ಸ್ವಲ್ಪ ಮೇಲೆ ಒತ್ತಿ ನಿಮ್ಮ ಕಡೆ ಎಳೆದರೆ ಹೊರಬರುತ್ತವೆ. ಕೆಲವು ಎಸಿಗಳಲ್ಲಿ ಜಾಲರಿ ಮೇಲಿನಿಂದ ತೆಗೆಯುವ ಹಾಗಿರುತ್ತದೆ. ಬರದಿದ್ದರೆ ಜಗ್ಗಬೇಡಿ, ಮೇಲ್ಭಾಗ ನೋಡಿ.

ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಆ ಕಡೆಯ ಕಿಟಕಿ ಕಾಣಬೇಕು. ಸಂಡೂರು ರಸ್ತೆ ಪಕ್ಕದ ಮನೆಯಾದರೆ ಅದು ಕೆಮ್ಮಣ್ಣು ಬಳಿದ ಗೋಡೆಯ ಹಾಗೆ ಕಾಣುತ್ತದೆ. ರಾಯಚೂರಿನಲ್ಲಿ ಜಿನ್ನಿಂಗ್ ಮಿಲ್ ಹತ್ತಿರದವರಿಗೆ ಹತ್ತಿಯ ನಾರು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಗಿಣಿಗೇರಾ ಕಡೆ ಕಾರ್ಖಾನೆಯ ಕಪ್ಪು ಮಸಿ, ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ತೌಡು, ಬೂದಿ. ಎಸಿ ಜೊತೆ ಬರುವ ಪುಸ್ತಕದಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಿರಿ ಅಂತ ಇರುತ್ತದೆ. ಇಂಥ ಜಾಗಗಳಲ್ಲಿ ಮಾರ್ಚ್‌ನಿಂದ ಮೇ ತನಕ ವಾರಕ್ಕೊಮ್ಮೆ ತೊಳೆದರೂ ಜಾಸ್ತಿ ಏನಲ್ಲ.

ತೊಳೆಯುವಾಗ ದೂಳು ಹಿಡಿದಿರುವ ಕಡೆಗೆ ನೀರು ಬಿಡಬೇಡಿ, ಹಿಂದಿನ ಕಡೆಯಿಂದ ಬಿಡಿ. ಆಗ ದೂಳು ಹೊರಗೆ ಬೀಳುತ್ತದೆ. ಮುಂದಿನಿಂದ ಬಿಟ್ಟರೆ ಜಾಲರಿಯೊಳಗೇ ಕೆಸರಾಗಿ ಕೂರುತ್ತದೆ. ಅಡುಗೆಮನೆಯ ಎಣ್ಣೆ ಜಿಡ್ಡು ಇದ್ದರೆ ಪಾತ್ರೆ ತೊಳೆಯುವ ಸೋಪು ಸ್ವಲ್ಪ ಸಾಕು. ಬಿಸಿ ನೀರು ಬೇಡ. ನೆರಳಲ್ಲಿ ಒಣಗಿಸಿ. ನಮ್ಮ ಮಾಳಿಗೆಯ ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ಮತ್ತೆ ಕೂರುವುದೇ ಇಲ್ಲ.

ಫಿಲ್ಟರ್ ಒಣಗುವ ತನಕ ಅದಿಲ್ಲದೆಯೇ ಎಸಿ ಓಡಿಸುವವರಿದ್ದಾರೆ. ಅರ್ಧ ಗಂಟೆಯ ಸುಖಕ್ಕೆ ದೂಳೆಲ್ಲ ಕಾಯಿಲ್‌ಗೆ ಹೋಗಿ ಕೂರುತ್ತದೆ. ಬೇಡ.

4. ಒಳಗೆ ಐಸ್ ಕಟ್ಟಿದೆಯೇ?

ಫಿಲ್ಟರ್ ತೆಗೆದಾಗ ಹಿಂದೆ ಸಾಲಾಗಿ ಕಾಣುವ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳೇ ಕಾಯಿಲ್. ಟಾರ್ಚ್ ಬಿಟ್ಟು ನೋಡಿ. ಹಳೆ ಫ್ರಿಜ್ಜಿನ ಫ್ರೀಜರ್ ಹಾಗೆ ಬೆಳ್ಳಗೆ ಐಸ್ ಕಟ್ಟಿದ್ದರೆ ಗಾಳಿ ಬರಲು ದಾರಿಯೇ ಇಲ್ಲ. ಇದಕ್ಕೊಂದು ಗುರುತಿದೆ: ಹಾಕಿದ ಮೊದಲ ಒಂದು ಗಂಟೆ ಗಾಳಿ ಚೆನ್ನಾಗಿ ಬರುತ್ತದೆ, ಆಮೇಲೆ ಕಡಿಮೆಯಾಗುತ್ತಾ ಹೋಗಿ ನಿಲ್ಲುತ್ತದೆ. ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಗೋಡೆ ಮೇಲೆ ನೀರು ಸುರಿಯುತ್ತದೆ.

ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆತ್ತಬೇಡಿ. ಕಾಯಿಲ್‌ಗೆ ತೂತು ಬಿದ್ದರೆ ಗ್ಯಾಸ್ ಪೂರ್ತಿ ಹೋಗುತ್ತದೆ, ಆಗ ನಿಜವಾಗಿಯೂ ದೊಡ್ಡ ಖರ್ಚು. ಕೆಳಗೆ ಬಕೆಟ್ ಇಡಿ, ಬಟ್ಟೆ ಹಾಸಿ. ಎಂಸಿಬಿ ಹಾಕಿ, ರಿಮೋಟಿನಲ್ಲಿ ಫ್ಯಾನ್ ಮೋಡ್ ಮಾತ್ರ ಇಟ್ಟು ಎರಡು ಮೂರು ಗಂಟೆ ಬಿಡಿ. ತಾನೇ ಕರಗುತ್ತದೆ.

ಐಸ್ ಯಾಕೆ ಕಟ್ಟಿತು ಅನ್ನುವುದು ಮುಖ್ಯ. ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿದು, ಗಾಳಿಯ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಕೊಳೆ ಫಿಲ್ಟರ್, ಕೊಳೆ ಬ್ಲೋವರ್ ಎರಡೂ ಹೀಗೆ ಮಾಡುತ್ತವೆ. ಮೊದಲು ಹೇಳಿದ ಹೊರತು ಇದೇ: ಗ್ಯಾಸ್ ಸ್ವಲ್ಪ ಕಡಿಮೆಯಾದರೂ ಒತ್ತಡ ಇಳಿದು ಕಾಯಿಲ್‌ನ ಒಂದು ಭಾಗ ಅತಿಯಾಗಿ ತಣ್ಣಗಾಗುತ್ತದೆ, ಅಲ್ಲಿಂದ ಐಸ್ ಹಬ್ಬುತ್ತದೆ. ಯಾವುದು ಅಂತ ಅಂದಾಜು ಮಾಡಲು ಹೊರಗಿನ ಯೂನಿಟ್‌ನ ಎರಡು ತಾಮ್ರದ ಪೈಪ್ ನೋಡಿ. ಐಸ್ ದಪ್ಪ ಪೈಪಿನ ಮೇಲಿದ್ದರೆ ಹೆಚ್ಚಾಗಿ ಗಾಳಿಯ ತೊಂದರೆ. ಸಣ್ಣ ಪೈಪಿನ ಬುಡದಲ್ಲಿ ಕಟ್ಟಿದ್ದರೆ ಗ್ಯಾಸ್ ಮೇಲೆ ಅನುಮಾನಪಡಬಹುದು. ಫಿಲ್ಟರ್ ಶುದ್ಧ ಇದೆ, ಬ್ಲೋವರ್ ಚೆನ್ನಾಗಿ ತಿರುಗುತ್ತಿದೆ, ಆದರೂ ಮರುದಿನವೇ ಮತ್ತೆ ಐಸ್ ಕಟ್ಟಿತು ಅಂದರೆ ಮೆಕ್ಯಾನಿಕ್ ಕರೆಯಿರಿ. ಗ್ಯಾಸ್ ಅಥವಾ ಸೆನ್ಸರ್, ಎರಡರಲ್ಲೊಂದು.

5. ಬ್ಲೋವರ್ ಕೊಳೆ: ಯಾರೂ ನೋಡದ ಜಾಗ

ಫಿಲ್ಟರ್ ಫಳಫಳ ಅನ್ನುತ್ತಿದೆ, ಐಸ್ ಇಲ್ಲ, ಆದರೂ ಗಾಳಿ ಸೊರಗಿದೆ. ನಮ್ಮ ಊರುಗಳಲ್ಲಿ ಎರಡು ವರ್ಷ ದಾಟಿದ ಎಸಿಗೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಎಂಸಿಬಿ ಇಳಿಸಿ. ಗಾಳಿ ಬರುವ ಬಾಯಿಯ ರೆಕ್ಕೆಯನ್ನು ಮೆಲ್ಲಗೆ ಸರಿಸಿ ಟಾರ್ಚ್ ಬಿಡಿ. ಉದ್ದನೆಯ ಲಟ್ಟಣಿಗೆಗೆ ಸುತ್ತಲೂ ಬಾಚಣಿಗೆ ಹಲ್ಲು ಹಚ್ಚಿದ ಹಾಗೆ ಒಂದು ಉರುಳೆ ಕಾಣುತ್ತದೆ. ಅದೇ ಬ್ಲೋವರ್. ಅದರ ಒಂದೊಂದು ಹಲ್ಲೂ ಚಮಚದ ಹಾಗೆ ಸ್ವಲ್ಪ ಬಾಗಿರುತ್ತದೆ, ಆ ಬಾಗಿನಲ್ಲೇ ಗಾಳಿಯನ್ನು ಹಿಡಿದು ತಳ್ಳುತ್ತದೆ. ಫಿಲ್ಟರ್ ದಾಟಿ ಬಂದ ನುಣ್ಣನೆ ದೂಳು ಒಳಗಿನ ತೇವಕ್ಕೆ ಅಂಟಿ ಆ ಬಾಗನ್ನು ತುಂಬಿಬಿಡುತ್ತದೆ. ಆಗ ಬ್ಲೋವರ್ ಪೂರ್ತಿ ಸ್ಪೀಡಿನಲ್ಲಿ ತಿರುಗಿದರೂ ಗಾಳಿ ಹಿಡಿಯಲು ಅದಕ್ಕೆ ಜಾಗವೇ ಇರುವುದಿಲ್ಲ. ಶಬ್ದ ಜಾಸ್ತಿ, ಗಾಳಿ ಕಡಿಮೆ. ಕೆಲವು ಸಲ ಹಸಿ ಗೋಣಿಚೀಲದ ವಾಸನೆ ಬರುತ್ತದೆ, ಹಾಸಿಗೆ ಮೇಲೆ ಕಪ್ಪು ಚುಕ್ಕೆಗಳಂಥ ಕಸ ಉದುರುತ್ತದೆ.

ಟೂತ್‌ಬ್ರಶ್‌ನಿಂದ ಎರಡು ಹಲ್ಲು ಕೆರೆದು ನೋಡಿ. ಕಡಲೆಹಿಟ್ಟಿನ ಹಾಗೆ ದಪ್ಪ ಪದರ ಬಂದರೆ ಕಾರಣ ಸಿಕ್ಕಿತು. ಪೂರ್ತಿ ಮಾಡಲು ಹೋಗಬೇಡಿ. ಹಲ್ಲು ತೆಳು ಪ್ಲಾಸ್ಟಿಕ್ಕಿನವು, ಒಂದು ಮುರಿದರೂ ತೂಕ ತಪ್ಪಿ ಇಡೀ ಯೂನಿಟ್ ನಡುಗುತ್ತದೆ. ಇದಕ್ಕೆ ಜೆಟ್ ಸರ್ವಿಸ್ ಮಾಡಿಸಬೇಕು: ಯೂನಿಟ್‌ಗೆ ಚೀಲ ಕಟ್ಟಿ, ಕರೆಂಟ್ ಬೋರ್ಡ್ ಇರುವ ಬಲಬದಿ ಅಥವಾ ಎಡಬದಿಗೆ ಪ್ಲಾಸ್ಟಿಕ್ ಮುಚ್ಚಿ, ಪಂಪಿನಿಂದ ನೀರು ಹೊಡೆಯುತ್ತಾರೆ.

ಸೀಸನ್‌ನಲ್ಲಿ ದಿನಕ್ಕೆ ಹತ್ತು ಮನೆ ಸುತ್ತುವವರು ಕಾಯಿಲ್‌ನ ಮುಂಭಾಗಕ್ಕೆ ಮಾತ್ರ ನೀರು ಹೊಡೆದು ಹೋಗುವುದುಂಟು. ದುಡ್ಡು ಕೊಡುವ ಮೊದಲು ನೀವೇ ಸ್ಟೂಲ್ ಹತ್ತಿ, ಟಾರ್ಚ್ ಬಿಟ್ಟು ಬ್ಲೋವರ್ ನೋಡಿ. ಚೀಲದಿಂದ ಇಳಿಯುವ ನೀರು ಚಹಾದ ಬಣ್ಣದಿಂದ ತಿಳಿನೀರಿಗೆ ಬರುವ ತನಕ ಹೊಡೆಯಬೇಕು. ಇನ್ನೊಂದು ಮಾತು, ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿದರೆ ಬೇಗ ಬಿಡುತ್ತೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಯೂಮಿನಿಯಂ ತಿಂದುಹೋಗುತ್ತದೆ.

6. ಸ್ವಿಂಗ್ ರೆಕ್ಕೆ

ಚಿಕ್ಕ ವಿಷಯ. ಗಾಳಿಯ ದಿಕ್ಕು ಬದಲಿಸುವ ರೆಕ್ಕೆ ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ಗಾಳಿ ಒಳಗೇ ಸುತ್ತುತ್ತದೆ. 'ಟಕ್ ಟಕ್' ಶಬ್ದ ಬಂದರೆ ಅದೇ. ಎಂಸಿಬಿ ಇಳಿಸಿ ಐದು ನಿಮಿಷ ಬಿಟ್ಟು ಹಾಕಿದರೆ ಕೆಲವು ಸಲ ತಾನೇ ಸರಿಹೋಗುತ್ತದೆ. ಓಡುತ್ತಿರುವಾಗ ಕೈಯಿಂದ ಜೋರಾಗಿ ತಿರುಗಿಸಿದರೆ ಒಳಗಿನ ಸಣ್ಣ ಮೋಟರಿನ ಹಲ್ಲು ಮುರಿಯುತ್ತದೆ.

7. ಬ್ಲೋವರ್ ತಿರುಗುವುದೇ ಇಲ್ಲ

ಎಂಸಿಬಿ ಇಳಿಸಿ, ಬಾಯಿಯೊಳಗೆ ಒಂದೇ ಬೆರಳು ಹಾಕಿ ಉರುಳೆಯನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಬುಷ್ ಅಥವಾ ಬೇರಿಂಗ್, ಅಂದರೆ ತಿರುಗುವ ದಂಡಕ್ಕೆ ಆಸರೆಯಾದ ಭಾಗ, ಹಿಡಿದಿದೆ. ಸಲೀಸಾಗಿ ತಿರುಗಿದರೂ ಕರೆಂಟ್ ಹಾಕಿದಾಗ ತಿರುಗದಿದ್ದರೆ ಮೋಟರ್, ಕೆಪಾಸಿಟರ್ ಅಥವಾ ಬೋರ್ಡ್. ಕೆಪಾಸಿಟರ್ ಅಂದರೆ ಮೋಟರಿಗೆ ತಿರುಗಲು ದೂಕು ಕೊಡುವ ಬಿಡಿಭಾಗ. ಸಾದಾ ಮೋಟರಿನ ಎಸಿಯಲ್ಲಿ ಅದು ಇರುತ್ತದೆ.

ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಕೆಪಾಸಿಟರ್‌ನಲ್ಲಿ ಕರೆಂಟ್ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ, ಇನ್ವರ್ಟರ್ ಎಸಿಯ ಹೊರಗಿನ ಬೋರ್ಡ್‌ನಲ್ಲಂತೂ ಇನ್ನೂ ಅಪಾಯ. ಯೂನಿಟ್ ಮೇಲಿನ ಲೈಟ್ ಮಿಣುಕುತ್ತಿದ್ದರೆ ಅಥವಾ ಅಕ್ಷರ-ಅಂಕಿ ತೋರಿಸುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆ ಮಿಣುಕಿನ ಲೆಕ್ಕದಲ್ಲೇ ದೋಷದ ಗುರುತಿರುತ್ತದೆ. ಎಂಸಿಬಿ ಮೇಲಿಂದ ಮೇಲೆ ಬೀಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಮತ್ತೆ ಹಾಕಿ ನೋಡುವ ಸಾಹಸ ಬೇಡ.

ಮೆಕ್ಯಾನಿಕ್ ಬಂದಾಗ

"ಎಸಿ ಕೆಲಸ ಮಾಡ್ತಿಲ್ಲ" ಅನ್ನಬೇಡಿ. "ಫಿಲ್ಟರ್ ತೊಳೆದಿದೀನಿ, ಐಸ್ ಇಲ್ಲ, ಬ್ಲೋವರ್ ತಿರುಗ್ತಿದೆ, ಗಾಳಿ ಕಡಿಮೆ" ಅನ್ನಿ. ಮಾತಿನ ದಾರಿಯೇ ಬದಲಾಗುತ್ತದೆ.

ಗ್ಯಾಸ್ ಕಡಿಮೆ ಅಂದರೆ, ಎಲ್ಲಿ ಲೀಕ್ ಆಗಿದೆ ಅಂತ ಕೇಳಿ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಹಾಗೆ ಖರ್ಚಾಗುವುದಿಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿದರೆ ಸಾಮಾನ್ಯವಾಗಿ ಗುಳ್ಳೆ ಏಳುತ್ತದೆ. ಲೀಕ್ ಮುಚ್ಚದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಅದೇ ಕಥೆ. ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನ ಗಾಳಿ, ತೇವ ಎಲ್ಲ ಎಳೆದು, ತೂಕ ಮಾಡಿ ಗ್ಯಾಸ್ ಹಾಕಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಅನ್ನುವುದು ಹೊರಗಿನ ಯೂನಿಟ್‌ನ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ಈಗಿನ ಎಸಿಗಳಲ್ಲಿರುವ ಆರ್-32, ಆರ್-290 ಬೆಂಕಿ ಹಿಡಿಯುವ ಗ್ಯಾಸ್‌ಗಳು. ಹತ್ತಿರ ಬೀಡಿ ಸಿಗರೇಟು ಸೇದಲು ಬಿಡಬೇಡಿ.

ಕೆಲಸ ಮುಗಿದ ಮೇಲೆ ಥರ್ಮಾಮೀಟರ್ ಇದ್ದರೆ ಹಿಡಿಸಿ. ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಸರಿ.

ನಿಮ್ಮದು ಕೂಲರ್ ಆದರೆ

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ತಗಡಿನ ಕೂಲರ್, ನೀರು, ಬರಿಗಾಲು: ಪ್ರತಿ ಬೇಸಿಗೆ ಈ ಮೂರೂ ಸೇರಿ ಜೀವ ತೆಗೆಯುತ್ತವೆ. ಮೂರು ಪಿನ್ನಿನ ಪ್ಲಗ್, ಕೆಲಸ ಮಾಡುವ ಅರ್ಥಿಂಗ್ ಇಲ್ಲದಿದ್ದರೆ ಗಾಳಿಯ ಮಾತು ಆಮೇಲೆ, ಮೊದಲು ಅದನ್ನು ಮಾಡಿಸಿ. ಮೈ ಮುಟ್ಟಿದರೆ 'ಜುಮ್' ಅನ್ನುವ ಕೂಲರನ್ನು ಒಂದು ದಿನವೂ ಓಡಿಸಬೇಡಿ.

ಫ್ಯಾನ್ ತಿರುಗದೆ ಗುಂಯ್ ಅನ್ನುತ್ತಿದ್ದರೆ, ಪ್ಲಗ್ ಕಿತ್ತು ಕೈಯಿಂದ ತಿರುಗಿಸಿ. ಬಿಗಿ ಇದ್ದರೆ ಬುಷ್‌ಗೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಸೊರಗಿರಬಹುದು. ಎಲೆಕ್ಟ್ರಿಷಿಯನ್ ಕೈಲಿ ಹಾಕಿಸುವಾಗ ಹಳೆಯದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಯದ್ದನ್ನೇ ಹಾಕಿಸಿ. ಕೋಲಿನಿಂದ ರೆಕ್ಕೆ ತಳ್ಳಿ ಶುರು ಮಾಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಒಂದು ದಿನ ನೀವಿಲ್ಲದಾಗ ಮೋಟರ್ ಹಾಗೇ ಗುಂಯ್ ಅನ್ನುತ್ತಾ ಸುಡುತ್ತದೆ.

ಫ್ಯಾನ್ ಜೋರಾಗಿ ತಿರುಗಿದರೂ ಗಾಳಿ ಇಲ್ಲದಿದ್ದರೆ ಪ್ಯಾಡ್ ನೋಡಿ. ಬೋರ್ ನೀರು ಹಾಕಿದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟುತ್ತದೆ. ಪ್ಲಗ್ ಕಿತ್ತು ಒಂದು ಬದಿಯ ಪ್ಯಾಡ್ ತೆಗೆಯಿರಿ, ಪಂಪ್ ಬಂದ್ ಇಟ್ಟು, ಮಕ್ಕಳನ್ನು ದೂರ ಕಳಿಸಿ ಒಂದು ನಿಮಿಷ ಫ್ಯಾನ್ ಮಾತ್ರ ಹಾಕಿ ದೂರ ನಿಂತು ನೋಡಿ. ಗಾಳಿ ಒಮ್ಮೆಗೇ ಜಾಸ್ತಿಯಾದರೆ ಪ್ಯಾಡೇ ಕಾರಣ. ಹುಲ್ಲಿನ ಪ್ಯಾಡ್ ಆದರೆ ಪ್ರತಿ ಬೇಸಿಗೆಗೆ ಹೊಸದು ಹಾಕಿ, ತೊಳೆದು ಉಳಿಸಲು ಹೋಗಬೇಡಿ. ಜೇನುಗೂಡಿನಂಥ ಹನಿಕೋಂಬ್ ಪ್ಯಾಡನ್ನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿದ ನೀರಿನಲ್ಲಿ ಕೆಲವು ಗಂಟೆ ನೆನೆಸಿ ತೊಳೆಯಬಹುದು. ಉಜ್ಜಿದರೆ ಪದರ ಹರಿಯುತ್ತದೆ.

ಮೋಟರ್ ರಿವೈಂಡಿಂಗ್ ಮಾಡಿಸಿ ತಂದ ಮೇಲೆ ಗಾಳಿ ಹೋಯಿತು ಅನ್ನುವವರು ಕೂಲರಿನ ಹಿಂದೆ ಕೈ ಹಿಡಿದು ನೋಡಿ. ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದ್ದರೆ ಗಾಳಿ ಹಿಂದಕ್ಕೆ ಬರುತ್ತಿರುತ್ತದೆ. ಕಟ್ಟಿಕೊಟ್ಟವರ ಹತ್ತಿರವೇ ವಾಪಸ್ ಒಯ್ಯಿರಿ, ಅದು ಅವರ ತಪ್ಪು.

ಕೂಲರಿಗೆ ರೂಮಿನ ಎದುರು ಕಡೆಯ ಕಿಟಕಿಯೋ ಬಾಗಿಲೋ ತೆರೆದಿರಬೇಕು. ಎಸಿ ಹಾಗೆ ಎಲ್ಲ ಮುಚ್ಚಿ ಕುಳಿತರೆ ಒಳಗೆ ತುಂಬಿದ ಗಾಳಿಗೆ ಹೋಗಲು ಜಾಗವಿಲ್ಲದೆ ಕೂಲರ್ ಎಷ್ಟು ದೂಡಿದರೂ ಮೈಗೆ ತಾಗುವುದಿಲ್ಲ, ಮೇಲಿಂದ ಅಂಟಂಟು ಸೆಕೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ತಳ ತಿಕ್ಕಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆ ಇಡುವುದು.

ಮಳೆಗಾಲ ಹಿಡಿದ ಮೇಲೆ ಎತ್ತಿಡುವಾಗ ನೀರು ಖಾಲಿ ಮಾಡಿ, ಪಂಪ್ ಹಾಕದೆ ಫ್ಯಾನ್ ಮಾತ್ರ ಒಂದು ಗಂಟೆ ಓಡಿಸಿ ಒಣಗಿಸಿ. ಮೇಲೆ ಹಳೆ ಸೀರೆಯೋ ಗೋಣಿಚೀಲವೋ ಮುಚ್ಚಿ. ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದರೆ ಒಳಗೆ ತೇವ ನಿಂತು, ಬುಷ್ ತುಕ್ಕು ಹಿಡಿದು, ಮುಂದಿನ ಶಿವರಾತ್ರಿಗೆ ಹಾಕಿದಾಗ ಮತ್ತೆ ಗುಂಯ್ ಅನ್ನುತ್ತದೆ.